ಈಸ್ಟರ್ ಹೂದಾನಿಯ ಐದೆಸಳು

ಏಪ್ರಿಲ್ 9, 2011, ಶನಿವಾರ

ಹೊಸ ನೋಟ್‌ಬುಕ್. ಹೆಸರು ಬರೆದಿಡುತ್ತೇನೆ: ಎರ್ಮಾ ರೌಕ್. ಈ ಹೊಳೆದಂಡೆಯಲ್ಲಿ ಐದನೇ ತಲೆಮಾರು. ಚರ್ಚಿನ ಹೆಂಗಸರ ಸಂಘಕ್ಕೆ ಇಪ್ಪತ್ತಾರು ವರ್ಷದಿಂದ ಅಧ್ಯಕ್ಷೆ. ಈ ಊರಿಗೆ ಮದುವೆಯಾಗಿ ಬಂದ ಪ್ರತಿ ಹೆಣ್ಣಿಗೂ ನನ್ನ ಹಿತ್ತಲ ಜೌಗಿನಿಂದ ಒಂದು ಬುಡ ಚೆಂಡುಹೂ ಹೋಗುತ್ತದೆ. ಪೇಟೆಯ ಚೆಂಡುಹೂ ಅಲ್ಲ. ಜೌಗಿನದು, ಈ ನೆಲದ್ದೇ. ಇದುವರೆಗೆ ನಲವತ್ತೊಂದು ಮದುವಣಗಿತ್ತಿಯರು. ಈಸ್ಟರ್ ದಿನ ವೇದಿಯ ಮೇಲಿನ ಹೂವೂ ನನ್ನದೇ.

ಇವತ್ತು ಹಿತ್ತಲು ತುಂಬ ಹಳದಿ. ಕಾಲಿಡಲು ಜಾಗವಿಲ್ಲ.

ಸಂಘದ ಲೋರೀನ್ ಬಂದಿದ್ದಳು. “ಹೊಳೆ ಮೇಲ್ಗಡೆ ನಿನ್ನ ಸೊಸೇದು ನೋಡ್ದೆ ಎರ್ಮಾ. ನಾಲ್ಕು ವರ್ಷಕ್ಕೆ ಮೂರೇ ಬುಡ!”

“ಹೊಟ್ಟೇದೂ ಅದೇ ಕಥೆ,” ಎಂದೆ. ಕಾಫಿ ನೆತ್ತಿಗೇರುವಷ್ಟು ನಕ್ಕಳು.

ನನ್ನ ಮಗ ಗೇಲನ್‌ನ ಹೆಂಡತಿ ನೇಡೀನ್ ನಾನು ಕೊಟ್ಟ ಬುಡವನ್ನು ನೆಡಲಿಲ್ಲ. ಸತ್ತ ತಾಯಿಯ ಮನೆ ಮಾರುವ ಮುಂಚೆ ಅಲ್ಲಿನ ಒರತೆಯಿಂದ ಕಿತ್ತು ತಂದದ್ದನ್ನು ನೆಟ್ಟಳು. ಮರೆತಿಲ್ಲ.

ಏಪ್ರಿಲ್ 12, ಮಂಗಳವಾರ

ನೇಡೀನ್ ಬಂದಳು. ಕೂರಲಿಲ್ಲ.

“ಅತ್ತೆ, ಒಂದ್ ಮಾತು. ಬೇಜಾರು ಮಾಡ್ಕೋಬೇಡಿ. ನಿಮ್ಮ ಹಿತ್ತಲಲ್ಲಿರೋದು ಚೆಂಡುಹೂ ಅಲ್ಲ. ಸೆಲಂಡೈನ್. ಹೊರಗಡೆಯಿಂದ ಬಂದಿರೋ ಕಳೆ. ಹೊಳೆ ಪಕ್ಕದ ಕಾಡನ್ನೆಲ್ಲ ನುಂಗ್ತಿದೆ.”

“ನಿಂಗ್ಯಾರು ಹೇಳಿದ್ದು?”

“ನಮ್ಮಮ್ಮನ ಗಿಡ ನೋಡಿ. ಅಗಲವಾದ ಐದು ಎಸಳು. ನಿಮ್ಮದಕ್ಕೆ ಎಂಟೋ ಹತ್ತೋ, ಸಣ್ಣಸಣ್ಣವು. ಬುಡದಲ್ಲಿ ಪುಟ್ಟ ಗಡ್ಡೆ ಇರತ್ತೆ. ಅಗೆದು ನೋಡಿ.”

“ಯಾರಿಗೆಲ್ಲ ಹೇಳಿದೀಯ?”

“ಯಾರಿಗೂ ಇಲ್ಲ. ಗೇಲನ್‌ಗೂ ಹೇಳಿಲ್ಲ. ನಾವಿಬ್ಬರೇ ಮೆಲ್ಲಗೆ ಕಿತ್ತುಹಾಕೋಣ. ನಮ್ಮಮ್ಮನ ಗಿಡ ಈ ವರ್ಷ ಮೊದಲ ಸಲ ಹೂ ಬಿಟ್ಟಿದೆ. ಅದರಿಂದಲೇ ನಿಮಗೊಂದು ಬುಡ ಬಿಡಿಸಿ ಕೊಡ್ತೀನಿ.”

ನನಗೆ. ಇವಳು. ಬುಡ ಕೊಡುತ್ತಾಳಂತೆ.

ಬಾಗಿಲು ತೋರಿಸಿದೆ.

ಏಪ್ರಿಲ್ 13

ಅಗೆದೆ. ಗಡ್ಡೆಗಳಿವೆ. ಬಾರ್ಲಿ ಕಾಳಿನಷ್ಟು, ಒಂದು ಬುಡಕ್ಕೆ ಇಪ್ಪತ್ತು. ಸಲಿಕೆ ತಗುಲಿದರೆ ಉದುರಿ ಎಲ್ಲೆಡೆ ಹರಡುತ್ತವೆ.

ಇದನ್ನು ಹಂಚುತ್ತ ಬಂದದ್ದು ಮೂವತ್ತೊಂದು ವರ್ಷ. ನಲವತ್ತೊಂದು ಮನೆ.

ಏಪ್ರಿಲ್ 21, ಹಸಿರು ಗುರುವಾರ

ಗುಡ್‌ಫ್ರೈಡೆ ಮುನ್ನಾದಿನದ ಪದ್ಧತಿಯಂತೆ ಕಾಡುಸೊಪ್ಪಿನ ಊಟ, ಹಂದಿಕೊಬ್ಬಿನ ಬಿಸಿ ಒಗ್ಗರಣೆ. ಗೇಲನ್ ಎರಡು ಸಲ ಬಡಿಸಿಕೊಂಡ. ನೇಡೀನ್ ನನ್ನ ಮುಖ ನೋಡುತ್ತಲೇ ಇದ್ದಳು.

ಊಟದ ನಡುವೆ ಪಾದ್ರಿಯ ಫೋನು. ಈಸ್ಟರ್ ಮುಗಿದ ಮಂಗಳವಾರ ಅರಣ್ಯ ಇಲಾಖೆಯವರು ಚರ್ಚಿಗೆ ಬರುತ್ತಾರಂತೆ. ಈ ಹಳದಿ ಕಳೆ ಹೊಳೆಗೆ ಯಾರ ಹಿತ್ತಲಿಂದ ಇಳಿಯಿತು ಅಂತ ಕೇಳುತ್ತಾರಂತೆ.

ನೇಡೀನ್ ಮನೆ ಇರುವುದು ಹೊಳೆಯ ಮೇಲ್ಗಡೆ. ನೀರು ಅಲ್ಲಿಂದ ಇಲ್ಲಿಗೆ ಹರಿಯುತ್ತದೆ. ಇದು ಚಿಕ್ಕ ಮಗುವಿಗೂ ಗೊತ್ತು.

ಏಪ್ರಿಲ್ 23, ಶನಿವಾರ, ಮಧ್ಯಾಹ್ನ

ನೇಡೀನ್‌ಗೆ ಆಸ್ಪತ್ರೆಯಲ್ಲಿ ಪಾಳಿ. ಗೇಲನ್ ಮೀನು ಹಿಡಿಯಲು ಹೋಗಿದ್ದ. ಸಲಿಕೆ, ಎರಡು ಬಕೆಟ್. ಒಂದರಲ್ಲಿ ನನ್ನ ಹಿತ್ತಲಿನದು ಒಯ್ದೆ, ಇನ್ನೊಂದರಲ್ಲಿ ಅವಳ ಮೂರು ಬುಡ ಕಿತ್ತು ತಂದೆ. ಅದೇ ಗುಳಿಗಳಲ್ಲಿ ನನ್ನದನ್ನು ಇಟ್ಟು ಕೆಸರು ಒತ್ತಿ ಬಂದೆ. ಬೆನ್ನು ನೋಯುತ್ತಿದೆ.

ಅವಳ ಹೂಗಳು ದೊಡ್ಡವು. ಬೆಣ್ಣೆ ಸವರಿದಂಥ ಹೊಳಪು. ವೇದಿಗಿಡುವ ಹೂದಾನಿ ತುಂಬಿತು.

ಏಪ್ರಿಲ್ 24, ಈಸ್ಟರ್

ಇಷ್ಟು ಚಂದದ ಹೂ ಯಾವ ವರ್ಷವೂ ಇರಲಿಲ್ಲ ಎಂದರು ಪಾದ್ರಿ. ನೇಡೀನ್ ಎರಡನೇ ಸಾಲಿನಲ್ಲಿದ್ದಳು. ವೇದಿಯನ್ನು ನೋಡಿದಳು. ಹಾಡುವುದನ್ನು ನಿಲ್ಲಿಸಿದಳು. ನಾನು ಹಾಡಿದೆ.

ಆರಾಧನೆ ಮುಗಿದ ಮೇಲೆ ಸಂಘದವರನ್ನು ಅವಳ ಹಿತ್ತಲಿಗೆ ಕರೆದೊಯ್ದೆ. ಕಳೆಯಾದರೆ ಬುಡದಲ್ಲಿ ಗಡ್ಡೆ ಇರುತ್ತದೆ ಅಂತ ದಾರಿಯಲ್ಲೇ ಹೇಳಿದ್ದೆ. ಲೋರೀನ್‌ಳೇ ಅಗೆದಳು.

“ಅಯ್ಯೋ ದೇವರೇ! ಗಡ್ಡೆ ನೋಡ್ರೇ! ಇಲಿ ಮರಿ ಹಾಕಿದ ಹಾಗಿದೆ! ಹೊಳೇಲಿ ಇಳ್ದು ಬಂದು ಎರ್ಮಾನ ಗಿಡ ಕೆಡಿಸಿದ್ದು ಇದೇ!”

“ಪಾಪ, ತಾಯಿ ನೆನಪಿಗೆ ಅಂತ ತಂದ್ಲು,” ಎಂದೆ. “ಅವಳಿಗೇನು ಗೊತ್ತಿತ್ತು?”

ಗೇಲನ್ ಕಿವಿಯವರೆಗೂ ಕೆಂಪಾದ. “ಅಮ್ಮನ್ ಹತ್ರ ಕ್ಷಮೆ ಕೇಳು, ನೇಡೀನ್.”

ಕೇಳಿದಳು. ಕ್ಷಮಿಸಿದೆ. ಎಲ್ಲರೆದುರು ತಬ್ಬಿಕೊಂಡೆ. ಕಟ್ಟಿಗೆಯಂತೆ ನಿಂತಿದ್ದಳು.

ಸಂಜೆ ಒಬ್ಬಳೇ ಅಡುಗೆಮನೆ ಬಾಗಿಲಿಗೆ ಬಂದಳು.

“ಮಂಗಳವಾರ ಅವರು ಬಂದಾಗ ನಂದೇ ಅಂತ ಒಪ್ಕೋತೀನಿ ಅತ್ತೆ. ಬಾಯಿ ಬಿಡಲ್ಲ. ಒಂದು ಬೇರು ಕೊಡಿ. ಒಂದೇ ಒಂದು. ನಮ್ಮಮ್ಮಂದು ಅಂತ ನಂಗಿರೋದು ಅದೊಂದೇ.”

ಹಿತ್ತಲ ಕಡೆ ಇಣುಕಿದಳು. ಬಕೆಟ್ ಬೋರಲು ಹಾಕಿದ್ದು ಕಂಡಿತು. ಆಮೇಲೆ ಒಲೆ ನೋಡಿದಳು.

ನಿನ್ನೆಯೇ ಒಲೆಗೆ ಹಾಕಿಯಾಗಿತ್ತು. ಮೂರೂ ಬುಡ. ಒದ್ದೆ ಬೇರು, ಹತ್ತಿಕೊಳ್ಳಲು ಬಹಳ ಹೊತ್ತಾಯಿತು. ಚಿಮಟದಿಂದ ಎರಡು ಸಲ ತಿರುವಿದೆ, ಆಮೇಲೆ ಎಲ್ಲ ಬೂದಿಯಾಯಿತು.