ಮೂರನೇ ಕಿಟಕಿಯ ಸಿಗ್ನಲ್

3 ಫೆಬ್ರವರಿ 2009, ಮಂಗಳವಾರ

ಇವತ್ತೂ ಮೂರನೇ ಕಿಟಕಿ.

ಬಿ.ಸಿ. ರೋಡಿನಲ್ಲಿರುವ ಬಂಟ್ವಾಳ ಕೋರ್ಟಿನ ವಕೀಲರ ಬಾರ್ ರೂಮಿಗೆ ನಾಲ್ಕು ಕಿಟಕಿ. ವೈ-ಫೈ ಸಿಗುವುದು ಮೂರನೆಯದರ ಬುಡದಲ್ಲಿ ಮಾತ್ರ. ರೂಟರ್ ಇರುವುದು ಗೋಡೆಯಾಚೆ, ಲೈಬ್ರರಿ ಕಪಾಟಿನ ಮೇಲೆ. ನಡುವಿನ ಮುರಕಲ್ಲಿನ ಗೋಡೆ ಸಿಗ್ನಲ್ಲನ್ನು ನುಂಗಿ ನೀರು ಕುಡಿಯುತ್ತದೆ. ಬೆಳಿಗ್ಗೆ ಕೋರ್ಟು ಕೂರುವ ಮೊದಲು ಕರಿಕೋಟಿನವರೆಲ್ಲ ಅಲ್ಲೇ ಗುಂಪು — ಪಿಂಡಕ್ಕೆ ಕಾದ ಕಾಗೆಗಳ ಹಾಗೆ.

ಬಾರಿಗೆ ಈ ನಿಸ್ತಂತು ಇಂಟರ್ನೆಟ್ ಹಾಕಿಸಿದ್ದು ನಾನು, ಜಂಟಿ ಕಾರ್ಯದರ್ಶಿ ಶಶಿರಾಜ್. ಬೆಂಗಳೂರು ಹೈಕೋರ್ಟಿನ ದಿನದ ಕೇಸುಗಳ ಪಟ್ಟಿ, ಆದೇಶ ಎಲ್ಲ ಇಲ್ಲಿಂದಲೇ ನೋಡಬಹುದು ಎಂದು ಜನರಲ್ ಬಾಡಿಯಲ್ಲಿ ಭಾಷಣ ಬಿಗಿದಿದ್ದೆ. ಈಗ ಸಿಗ್ನಲ್ ಹೋದರೆ ಬೈಗುಳವೂ ನನಗೇ.

ಪದ್ಮಯ್ಯ ಸರ್ — ನನ್ನ ಸೀನಿಯರ್, ಬಾರಿನ ಅಧ್ಯಕ್ಷರು — ಇವತ್ತು ಹೇಳಿದರು: "ಶಶಿರಾಜಾ, ಬಾವಿ ತೋಡಿದವನಿಗೆ ಅಂತರ್ಜಲ, ನೀನು ತೋಡಿದ್ದು ಅಂತರ್ಜಾಲ. ಬೇಸಿಗೆಗೆ ಎರಡರಲ್ಲೂ ಸಿಗುವುದು ಕೆಸರು ಮಾರಾಯ."

ಹೇಳಿ ನಿಲ್ಲಿಸಲಿಲ್ಲ. ನಿಲ್ಲಿಸುವ ಜನವೇ ಅಲ್ಲ. ಸರ್ ಆರ್ಗ್ಯುಮೆಂಟ್ ಶುರು ಮಾಡಿದರೆ ಗೋಡೆ ಗಡಿಯಾರವೂ ವಾಯಿದೆ ಕೇಳುತ್ತದೆ. ನಡುವೆ ಎರಡು ಸಲ ಎದೆ ಉಜ್ಜಿಕೊಂಡರು. "ಗ್ಯಾಸು" ಅಂದರು.

ನಾಡಿದ್ದು ಬೆಳ್ತಂಗಡಿ ಕೋರ್ಟು. ಅಲ್ಲಿ ಬಾರಿಗೆ ನೆಟ್ ಇಲ್ಲ. ನನ್ನ ಡಾಟಾ ಕಾರ್ಡು ಸಿಕ್ಕಿಸಿದರೆ ಕೆಂಪು ದೀಪ ಮಾತ್ರ ಉರಿಯುತ್ತದೆ, ಮಾರಿಗುಡಿಯ ಹಾಗೆ.

9 ಫೆಬ್ರವರಿ, ಸೋಮವಾರ

ವಾರಂಟು ಆಯ್ತು. ನನ್ನ ಕಕ್ಷಿದಾರೆ ರುಖಿಯಮ್ಮನ ಮನೆಯದು.

ಬಂಟ್ವಾಳ ಪೇಟೆಯಲ್ಲಿ ಹಳೆಯ ಮನೆ. ಮುಂದೆ ಬೀಗ ಹಾಕಿದ ಅಂಗಡಿ, ಹಿಂದೆ ವಾಸ. ಗಂಡ ತೀರಿಹೋದ ಮೇಲೆ ಗಂಡನ ಅಣ್ಣನ ಮಗ ಬದ್ರುದ್ದೀನ್ ಮನೆ ತನ್ನ ಪಾಲಿನದು ಎಂದು ದಾವೆ ಹಾಕಿದ. ಇಲ್ಲಿ ಗೆದ್ದ. ಅಪೀಲಿನಲ್ಲೂ ಗೆದ್ದ. ನಾವು ಹೈಕೋರ್ಟಿಗೆ ಹೋಗಿದ್ದೇವೆ. ಅಲ್ಲಿಂದ ತಡೆಯಾಜ್ಞೆ ಬರುವ ಮೊದಲೇ ಇಲ್ಲಿ ಕೋರ್ಟಿನ ಅಮೀನರ ಕೈಗೆ ಮನೆ ಖಾಲಿ ಮಾಡಿಸುವ ವಾರಂಟು.

ಬದ್ರುದ್ದೀನನ ವಕೀಲ ಶೇಖರ. ಲಾ ಕಾಲೇಜಿನಲ್ಲಿ ನನ್ನ ಬೆಂಚಿನವ. "ಬೇಸರ ಮಾಡಬೇಡ" ಅಂದ. "ನೀನು ಗೆಲ್ಲುವಾಗ ನಾನು ಬೇಸರ ಮಾಡಿದ್ದುಂಟಾ?" "ನಾನು ಯಾವಾಗ ಗೆದ್ದೆ?" ಅಂದೆ. "ಅದಕ್ಕೇ."

ಸಂಜೆ ರುಖಿಯಮ್ಮ ಬಂದರು. ಎಪ್ಪತ್ತು ದಾಟಿದ ಹೆಂಗಸು, ನಿಂತೇ ಮಾತಾಡಿದರು.

"ವಕೀಲರೇ, ಒಂದೇ ಮಾತು ಹೇಳಿ. ಸಾಮಾನು ತಂಗಿಯ ಮನೆಗೆ ಸಾಗಿಸ್ಲಾ, ಬೇಡ್ವಾ? ಪೊಲೀಸರು ನನ್ನ ಪಾತ್ರೆ ಹೊರಗೆ ಎಸೆಯುವುದನ್ನು ಕೇರಿಯವರು ನೋಡ್ಬಾರ್ದು. ಹೋಗ್ಬೇಕಾದ್ರೆ ನಾನೇ ಹೋಗ್ತೇನೆ."

ನಾನು ಲ್ಯಾಪ್‌ಟಾಪ್ ತೋರಿಸಿದೆ. "ಬೇಡ. ಬೆಂಗಳೂರಲ್ಲಿ ಸ್ಟೇ ಆದ ಕೂಡ್ಲೇ ಇದರಲ್ಲಿ ಬರ್ತದೆ. ಇಲ್ಲಿ ಕೂತೇ ನೋಡ್ತೇನೆ."

"ಇದರಲ್ಲಿ?"

"ಇದರಲ್ಲೇ."

ಅವರು ಅದನ್ನು ಮುಟ್ಟಿ ನೋಡಿದರು. ಬಿಸಿ ಉಂಟಾ ಎಂದು ದೋಸೆಕಲ್ಲು ಮುಟ್ಟುವ ಹಾಗೆ.

ಬಸ್ಸಿನಲ್ಲಿ ಯೋಚನೆ. ಯಾಕೆ ಅಷ್ಟು ಧೈರ್ಯದಲ್ಲಿ ಹೇಳಿದೆ? ತಡೆಯಾಜ್ಞೆ ತಡವಾದರೆ ಅದು ತಡ-ಆಜ್ಞೆ. ಈ ಜೋಕು ಯಾರಿಗೂ ಹೇಳಲಿಲ್ಲ.

12 ಫೆಬ್ರವರಿ, ಗುರುವಾರ

ಬೆಳಿಗ್ಗೆ ಪಟ್ಟಿಯಲ್ಲಿ ನಮ್ಮ ಕೇಸು ಇಲ್ಲ. ಮತ್ತೆ ನೋಡಿದೆ. ಇಲ್ಲ.

ಬೆಂಗಳೂರಿನ ನಮ್ಮ ವಕೀಲ ನಿಝಾರ್‌ಗೆ ಫೋನು. "ಸಪ್ಲಿಮೆಂಟರಿ ಲಿಸ್ಟ್ ಸಂಜೆ ಹಾಕ್ತಾರೆ. ಕಾಯಿರಿ." ಕಾದೆ. ಕಿಟಕಿಯ ಬುಡದಲ್ಲಿ ನಿಂತು ನಿಂತು ಕಾಲಿಗೆ ಬೇರು.

ಶೇಖರನೂ ಪಕ್ಕದಲ್ಲಿ ತನ್ನ ಲ್ಯಾಪ್‌ಟಾಪ್ ತೆರೆದು ಅದೇ ಪುಟ ನೋಡುತ್ತಿದ್ದ. ಒಂದೇ ರೂಟರು, ಎರಡು ಹರಕೆ. ಐದು ಗಂಟೆಗೆ ಪುಟ ಬಂತು. ಉಂಟು! ನಾಳೆ.

ಶೇಖರ ಮುಚ್ಚಳ ಮುಚ್ಚಿದ. ಹೊರಗೆ ಹೋಗಿ ಯಾರಿಗೋ ಫೋನು ಮಾಡಿದ. ಯಾರಿಗೆಂದು ಗೊತ್ತು.

ನಾನು ಹಾಕಿಸಿದ ನೆಟ್ಟು ನನ್ನ ಕಕ್ಷಿದಾರೆಗಿಂತ ಮೊದಲು ಅವನ ಕಕ್ಷಿದಾರನಿಗೆ ಸುದ್ದಿ ಮುಟ್ಟಿಸಿತು.

13 ಫೆಬ್ರವರಿ, ಶುಕ್ರವಾರ. ಬೆಳಿಗ್ಗೆ, ಬಸ್ಸಿನಲ್ಲಿ

ಪದ್ಮಯ್ಯ ಸರ್ ಇಲ್ಲ.

ಬೆಳಗಿನ ಜಾವ. ಗ್ಯಾಸ್ ಅಲ್ಲ. ಅವರ ಹೆಂಡತಿ ಕಮಲಾವತಿಯಮ್ಮನೇ ಫೋನ್ ಮಾಡಿದರು. ಅಳಲಿಲ್ಲ. "ಬಾರಿನವರಿಗೆ ತಿಳಿಸು ಶಶಿ. ದಹನ ಸಂಜೆ, ಊರಲ್ಲಿ, ಬೆಳುವಾಯಿಯಲ್ಲಿ" ಅಂದರು.

ಕಂಡಕ್ಟರ್ ಚಿಲ್ಲರೆ ಕೇಳಿದ. ಏನು ಕೊಟ್ಟೆನೋ.

ಅದೇ ದಿನ, ರಾತ್ರಿ. ಬೆಳುವಾಯಿಯಿಂದ ಬಂದ ಮೇಲೆ

ಬರೆದು ಮುಗಿಸುತ್ತೇನೆ. ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಹನ್ನೆರಡೂವರೆಗೆ ಬಾರ್ ರೂಮಿನಲ್ಲಿ ಸಂತಾಪ ಸಭೆ, ಮತ್ತೆ ಕೋರ್ಟಿನ ಕಲಾಪ ಬಂದ್ ಎಂದು ತೀರ್ಮಾನ. ನಮ್ಮ ಬಾರಿನಲ್ಲಿ ಒಂದು ಪದ್ಧತಿ: ಸಂತಾಪ ಸಭೆಗೆ ಮೇನ್ ಸ್ವಿಚ್ ಆಫ್. ಲೈಟಿಲ್ಲ, ಫ್ಯಾನಿಲ್ಲ. ಹಿಂದೆ ಯಾರದೋ ಸಭೆಯಲ್ಲಿ ಫ್ಯಾನು ಕಿರಿಚಿ ಮೌನ ಕೆಟ್ಟಿತಂತೆ. ಅಂದಿನಿಂದ. ಪದ್ಧತಿ ಹಾಕಿದವರು ಪದ್ಮಯ್ಯ ಸರ್. ಆಫ್ ಮಾಡುವುದು ಜಂಟಿ ಕಾರ್ಯದರ್ಶಿಯ ಕೆಲಸ. ಮಾಡಿದೆ. ಲೈಬ್ರರಿಯ ರೂಟರೂ ಆ ಮೇನಿನದೇ ಎಂದು ತಲೆಗೆ ಹೊಳೆಯಲೇ ಇಲ್ಲ.

ಸೆಕೆ. ಭಾಷಣಗಳು. ನಡುವೆ ಕಿಸೆಯಲ್ಲಿ ಮೊಬೈಲು ನಡುಗಿತು. ನಿಝಾರ್ ಮೆಸೇಜು — ಸ್ಟೇ ಆಯ್ತು, ಮುಂದಿನ ತಾರೀಕಿನ ವರೆಗೆ. ಸರ್ಟಿಫೈಡ್ ಕಾಪಿ ಸೋಮವಾರ. ಆದೇಶ ವೆಬ್‌ಸೈಟಿಗೆ ಬಿದ್ದಿದೆ, ಪ್ರಿಂಟ್ ತೆಗೆದು ಕೂಡಲೇ ಕೋರ್ಟಿಗೆ ಕೊಡಿ.

ಸರಿ, ಸಭೆ ಮುಗಿದ ಮೇಲೆ ಕೊಡುವ ಎಂದುಕೊಂಡೆ. ಮತ್ತೆ ನಡುಗಿತು. ಮೆಲ್ಲ ಹೊರಗೆ ಹೋಗಿ ಎತ್ತಿದೆ. ರುಖಿಯಮ್ಮ.

"ವಕೀಲರೇ, ಅಮೀನರು ಬಂದಿದ್ದಾರೆ. ಪೊಲೀಸರೂ. ಬದ್ರುದ್ದೀನ ಗೇಟಲ್ಲಿ ನಿಂತಿದ್ದಾನೆ. ಗಂಡಸರೆಲ್ಲ ಜುಮಾ ನಮಾಜಿಗೆ ಹೋದ ಹೊತ್ತು ನೋಡಿಯೇ ಬಂದದ್ದು."

"ಸ್ಟೇ ಆಗಿದೆ ರುಖಿಯಮ್ಮ! ಅಮೀನರಿಗೆ ಫೋನು ಕೊಡಿ."

ಅಮೀನ ಶೀನಪ್ಪನವರು. ಒಳ್ಳೆಯ ಮನುಷ್ಯ, ಆದರೆ ಕಾನೂನಿನ ಕಡ್ಡಿ. "ಬಾಯಿಮಾತಿಗೆ ನಿಲ್ಲಿಸ್ಲಿಕ್ಕೆ ಆಗುದಿಲ್ಲ ಸರ್. ನನ್ನ ಕೋರ್ಟಿನ ಕಾಗದ ತೋರ್ಸಿ, ನಿಲ್ಲಿಸ್ತೇನೆ."

ರೂಟರು ಸತ್ತಿದೆ ಎಂದು ಆಗ ಹೊಳೆಯಿತು; ಲ್ಯಾಪ್‌ಟಾಪ್ ಹಿಡಿದು ರಸ್ತೆಗೆ ಓಡಿದೆ. ಬಿ.ಸಿ. ರೋಡಿನ ಸೈಬರ್ ಕೆಫೆಗೆ ಶಟರ್ — ಅವರೂ ಜುಮಾಕ್ಕೆ. ಡಾಟಾ ಕಾರ್ಡು ಸಿಕ್ಕಿಸಿದೆ. ಕೆಂಪು ದೀಪ. ಕೈ ಎತ್ತರಿಸಿ ಹಿಡಿದೆ. ಕೆಂಪು. ಬಸ್‌ಸ್ಟ್ಯಾಂಡಿನಲ್ಲಿ ಕಪ್ಪುಕೋಟಿನವ ಲ್ಯಾಪ್‌ಟಾಪ್ ಎತ್ತಿ ಸೂರ್ಯನಿಗೆ ಅರ್ಘ್ಯ ಕೊಡುತ್ತಿರುವುದನ್ನು ಜನ ನೋಡಿದರು.

ವಾಪಸು ಬಂದರೆ ಮೌನ ಆಗಷ್ಟೇ ಶುರು. ಎಲ್ಲರೂ ಎದ್ದು ನಿಂತಿದ್ದಾರೆ, ತಲೆ ಬಗ್ಗಿಸಿ, ಕಣ್ಣು ಮುಚ್ಚಿ. ಮೇಜಿನ ಮೇಲೆ ಸರ್ ಫೋಟೋ, ನಗುತ್ತಾ.

ಬಾಗಿಲ ಪಕ್ಕದಲ್ಲೇ ಮೇನ್ ಸ್ವಿಚ್.

ಎರಡು ನಿಮಿಷ ಕಾಯಬಹುದಿತ್ತು. ಆದರೆ ಮೌನ ಮುಗಿದ ಮೇಲೆ ಠರಾವು, ಠರಾವಿನ ಮೇಲೆ ವಂದನೆ... ಅಲ್ಲಿ ಪಾತ್ರೆಗಳು ಅಂಗಳಕ್ಕೆ. ಬೇಡ, ಸಾಗಿಸಬೇಡಿ ಎಂದವ ನಾನು. ನನಗೆ ವಕಾಲತ್ತು ಕಲಿಸಿದವರ ಮೌನ, ನನ್ನ ಮಾತು ನಂಬಿದವರ ಮನೆ. ಕೈ ಸ್ವಿಚ್ಚಿನ ಮೇಲೆ ಇತ್ತು.

ಹಾಕಿದೆ.

ಫ್ಯಾನುಗಳೆಲ್ಲ ಒಟ್ಟಿಗೆ ಕಿರ್ರ್ ಎಂದವು. ಟ್ಯೂಬ್‌ಲೈಟ್ ಮಿಟುಕಿತು. ಮೂಲೆಯ ಪ್ರಿಂಟರು ನಿದ್ದೆ ಕೆಟ್ಟ ಬೆಕ್ಕಿನ ಹಾಗೆ ಕೂಗಿತು. ಎಲ್ಲ ಕಣ್ಣುಗಳೂ ತೆರೆದವು. ನಾನು ಯಾರ ಮುಖವನ್ನೂ ನೋಡದೆ ಮೂರನೇ ಕಿಟಕಿಗೆ ನಡೆದೆ. ರೂಟರು ಏಳಬೇಕು, ಸಿಗ್ನಲ್ ಬರಬೇಕು, ಪುಟ ತೆರೆಯಬೇಕು. ಯಾರೂ ಮಾತಾಡಲಿಲ್ಲ, ಮೌನ ಇನ್ನೂ ಮುಗಿದಿರಲಿಲ್ಲವಲ್ಲ. ಆ ಮೌನದಲ್ಲಿ ಪ್ರಿಂಟರು ಒಂದೊಂದೇ ಸಾಲು ಕಕ್ಕಿತು.

ಕಾಗದ ಎಳೆದುಕೊಂಡು ಜಡ್ಜರ ಚೇಂಬರಿಗೆ. ಶೇಖರ ಬೆನ್ನಿಗೇ ಬಂದ, ತನ್ನ ಲ್ಯಾಪ್‌ಟಾಪ್ ತೆರೆದೇ ಹಿಡಿದುಕೊಂಡು.

"ಆಕ್ಷೇಪ ಉಂಟು ಮೇಡಂ" ಅಂದ. "ಇದು ಸರ್ಟಿಫೈಡ್ ಅಲ್ಲ. ನೆಟ್ಟಿನ ಕಾಗದ."

ಮೇಡಂ ಓದಿದರು. ತಲೆ ಎತ್ತಿದರು. "ಆಕ್ಷೇಪ ಬರೆದುಕೊಳ್ತೇನೆ. ಆದೇಶ ಆದದ್ದು ಸುಳ್ಳು ಎನ್ನುತ್ತೀರಾ?"

ಶೇಖರ ತನ್ನ ಪರದೆ ನೋಡಿದ. ನನ್ನನ್ನು ನೋಡಲಿಲ್ಲ.

"ಇಲ್ಲ ಮೇಡಂ. ಈಗಷ್ಟೇ ನಾನೂ ನೋಡಿದೆ."

ವಾರಂಟು ತಡೆಹಿಡಿದು ಸ್ವಹಸ್ತದಲ್ಲಿ ಬರೆದರು. ಸೀಲು ಬಿತ್ತು. ಹೊರಗೆ ಬಂದು ಶೇಖರನಿಗೆ, "ಬೈಕ್ ಕೊಡು" ಅಂದೆ.

"ಹುಚ್ಚಾ? ನನ್ನ ಬೈಕಲ್ಲಿ ನೀನು ಇಳಿಯುದು ಕಂಡ್ರೆ ಬದ್ರುದ್ದೀನ ನನ್ನ ವಕಾಲತ್ತಿಗೇ ವಾರಂಟು ತರ್ತಾನೆ." ಸ್ವಲ್ಪ ತಡೆದು, "ಗೇಟಲ್ಲಿ ರಿಕ್ಷಾ ಉಂಟು. ಓಡು ಮಾರಾಯ."

ಬೆಂಗಳೂರಿಂದ ಬಿ.ಸಿ. ರೋಡಿಗೆ ಗಾಳಿಯಲ್ಲಿ ಬಂದ ಆದೇಶ ಸರ್ಕಲಿನ ಜಾಮಿನಲ್ಲಿ ನಿಂತಿತು. ಮುಂದೆ ಮರಳಿನ ಲಾರಿ. ರಿಕ್ಷಾದವನ ಹಾರ್ನಿಗೂ ಸಿಗ್ನಲ್ ಇರಲಿಲ್ಲ.

ಮುಟ್ಟಿದಾಗ ಅಂಗಳದಲ್ಲಿ ಎರಡು ಮಂಚ, ಒಂದು ಕಪಾಟು, ಹಾಸಿಗೆಯ ಗಂಟು. ಬದ್ರುದ್ದೀನನ ಕೈಯಲ್ಲಿ ಹೊಸ ಬೀಗ.

ಮನೆ ಇನ್ನೂ ಹಸ್ತಾಂತರ ಆಗಿರಲಿಲ್ಲ!

ಕಾರಣ ಎರಡು. ಒಂದು, ಒಲೆಯ ಮೇಲೆ ಕುಚ್ಚಲಕ್ಕಿಯ ಹಂಡೆ ಕುದಿಯುತ್ತಿತ್ತು. ಅಮೀನರು ಬಂದದ್ದು ಕಂಡ ಮೇಲೆಯೇ ರುಖಿಯಮ್ಮ ಇಟ್ಟದ್ದು. "ಬೇಯಲಿ, ಮತ್ತೆ ಇಳಿಸಿ. ಬೆಂಕಿಯ ಮೇಲಿದ್ದ ಅನ್ನವನ್ನು ಯಾರಾದರೂ ಹೊರಗೆ ಹಾಕ್ತಾರಾ?" ಪೊಲೀಸರೂ ಸುಮ್ಮನಿದ್ದರು. ಕುಚ್ಚಲು ಬೇಯುವ ಹೊತ್ತಿಗೆ ಒಂದು ಸಾಕ್ಷಿವಿಚಾರಣೆ ಮುಗಿಯುತ್ತದೆ.

ಇನ್ನೊಂದು ದೊಡ್ಡದು. ಮನೆ ಒಪ್ಪಿಸಿದ ಮಹಜರಿಗೆ ಊರಿನ ಇಬ್ಬರು ಪಂಚರು ಸಹಿ ಹಾಕಬೇಕು, ಇಲ್ಲದೆ ಶೀನಪ್ಪನವರು ಪೆನ್ನು ಮುಚ್ಚುವುದಿಲ್ಲ. ಎಲ್ಲಿಂದ ತರುವುದು? ಗಂಡಸರಿಲ್ಲದ ಹೊತ್ತನ್ನು ಹುಡುಕಿ ತಂದವ ಬದ್ರುದ್ದೀನನೇ. ಅಂಗಡಿಗಳಿಗೆಲ್ಲ ಬೀಗ. ಬಾಗಿಲ ಸಂದಿಯಲ್ಲಿ ನೋಡುತ್ತಿದ್ದ ಹೆಂಗಸರನ್ನು ಕೇಳಿದರೆ, "ನಮ್ಮವರು ಬರಲಿ" ಎಂದು ಬಾಗಿಲು ಹಾಕಿದರಂತೆ.

ಶೀನಪ್ಪನವರು ಕಾಗದ ಎರಡು ಸಲ ಓದಿದರು. ಸೀಲನ್ನು ಹೆಬ್ಬೆಟ್ಟಿನಿಂದ ಉಜ್ಜಿ ನೋಡಿದರು. "ಆಯ್ತು. ಸಾಮಾನು ಒಳಗೆ ಇಡಿ."

ಬದ್ರುದ್ದೀನ್ ಬೀಗ ಕಿಸೆಗೆ ಹಾಕಿಕೊಂಡ. ಅಷ್ಟು ಹೊತ್ತಿಗೆ ಮಸೀದಿಯಿಂದ ಜನ ಬರಲು ಶುರು.

ರುಖಿಯಮ್ಮ ಅವನಿಗೆ ಹೇಳಿದರು, ಗಟ್ಟಿಯಾಗಿ ಅಲ್ಲ: "ಅಲ್ಲಿ ಇರಬೇಕಾದವ ನೀನು ಇಲ್ಲಿ ಯಾಕೆ ನಿಂತಿದ್ದಿ? ಹೋಗು. ನಿನ್ನ ಜುಮಾ ತಪ್ಪಿತು."

ಅವನು ತಲೆ ತಗ್ಗಿಸಿ ಹೋದ. ರುಖಿಯಮ್ಮ ನನಗೆ ಗಂಜಿ ಬಡಿಸಲು ಬಂದರು. ಬೇಡ ಅಂದೆ, ಬೆಳುವಾಯಿಗೆ ಹೋಗಬೇಕು ಅಂದೆ. ಯಾಕೆಂದು ಹೇಳಿದೆ. ಅವರು ಸೌಟು ಹಿಡಿದುಕೊಂಡೇ ನಿಂತರು.

ಬೆಳುವಾಯಿಗೆ ಮುಟ್ಟುವಾಗ ಚಿತೆಯ ಬೆಂಕಿ ಇಳಿದಿತ್ತು. ಬಾರಿನವರು ವಾಪಸು ಹೊರಟಿದ್ದರು. ಯಾರೂ ಮಾತಾಡಿಸಲಿಲ್ಲ.

17 ಫೆಬ್ರವರಿ, ಮಂಗಳವಾರ

ನೋಟೀಸು ಬಂತು. ನನಗೆ. ನನ್ನದೇ ಬಾರಿನಿಂದ. ದಿವಂಗತ ಅಧ್ಯಕ್ಷರ ಗೌರವಾರ್ಥ ಮೌನವನ್ನು ಭಂಗಪಡಿಸಿದ್ದಕ್ಕೆ ವಿವರಣೆ ಕೊಡಬೇಕು. ಅಲ್ಲಿಯ ವರೆಗೆ ವೈ-ಫೈ ಬಂದ್.

ರೂಟರ್ ಕಪಾಟಿನೊಳಗೆ. ವಾಯರು ಸುತ್ತಿ ಇಟ್ಟಿದ್ದಾರೆ, ಜಪ್ತಿ ಮಾಡಿದ ಆಯುಧದ ಹಾಗೆ.

ಮೂರನೇ ಕಿಟಕಿಯಲ್ಲಿ ಯಾರೂ ಇಲ್ಲ. ನಾನು ಕೂತ ಬೆಂಚಿನಲ್ಲಿಯೂ ಯಾರೂ ಇಲ್ಲ. ಇಷ್ಟು ವರ್ಷ ಬಾರಿನವನು, ಈಗ ಯಾರ ಲೆಕ್ಕಕ್ಕೂ 'ಬಾರ'ದವನು. ಶೇಖರ ದೂರದಿಂದ ಚಹಾ ಕಳಿಸಿದ. ಅದೇ ದೊಡ್ಡದು.

ವಿವರಣೆ ಬರೆಯಲು ಕೂತೆ. 'ಮಾನ್ಯರೇ' ಎಂದು ಬರೆದೆ. ಮುಂದೆ ಹೋಗಲಿಲ್ಲ. ತಪ್ಪಾಯಿತು ಎಂದರೆ ಸುಳ್ಳು. ತಪ್ಪಲ್ಲ ಎಂದರೆ... ಅದೂ ಪೂರ್ತಿ ನಿಜ ಅಲ್ಲ.

2 ಮಾರ್ಚ್, ಸೋಮವಾರ

ಸರ್ ಫೋಟೋ ಅನಾವರಣ. ಕಮಲಾವತಿಯಮ್ಮ ಬಂದಿದ್ದರು. ನಾನು ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ.

ಮೌನಕ್ಕೆ ಮೊದಲು ಯಾರೋ ಮೇನ್ ಸ್ವಿಚ್ಚಿಗೆ ಹೋದರು. ಉಪಾಧ್ಯಕ್ಷರು ನನ್ನ ಕಡೆ ಕಣ್ಣು ಹಾಯಿಸಿ, "ಈ ಸಲವಾದರೂ ಸರಿಯಾಗಿ ಆಗಲಿ" ಅಂದರು.

ಕಮಲಾವತಿಯಮ್ಮ ಕೇಳಿದರು, ಏನಾಗಿತ್ತು ಎಂದು. ಶೇಖರ ಹೇಳಿದ. ಎಲ್ಲ — ಹಂಡೆಯ ವರೆಗೆ.

ಅವರು ಫೋಟೋ ನೋಡಿದರು. "ಮೂವತ್ತೆಂಟು ವರ್ಷ ಒಟ್ಟಿಗಿದ್ದೆ. ಇವರು ಎರಡು ನಿಮಿಷ ಸುಮ್ಮನೆ ಕೂತದ್ದು ನಾನು ನೋಡಿಲ್ಲ. ನೀವು ಯಾರ ಮೌನ ಕೆಟ್ಟಿತು ಅಂತೀರಿ?" ಮತ್ತೆ ಸ್ವಿಚ್ಚಿನ ಹತ್ತಿರ ನಿಂತವರಿಗೆ: "ಇರಲಿ. ಸೆಕೆ ಉಂಟು. ಫ್ಯಾನ್ ತಿರುಗಲಿ."

ಮೌನ ಆಯ್ತು. ಫ್ಯಾನು ಕಿರಿಚುತ್ತಲೇ ಇತ್ತು. ನಾನು ಆ ದಿನದಿಂದ ಅತ್ತಿರಲಿಲ್ಲ.

9 ಮಾರ್ಚ್, ಸೋಮವಾರ. ಮಧ್ಯಾಹ್ನ, ಮೂರನೇ ಕಿಟಕಿ

ರೂಟರು ಕಪಾಟಿನಿಂದ ಹೊರಬಂದಿದೆ. ಹಸಿರು ದೀಪ. ವಿವರಣೆಯನ್ನು ಯಾರೂ ಮತ್ತೆ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಸ್ಟೇ ಇವತ್ತಿನ ವರೆಗೆ ಮಾತ್ರ. ಮುಂದುವರಿಸಿದರೆ ಮನೆ, ಇಲ್ಲದಿದ್ದರೆ ಶೀನಪ್ಪನವರು. ನಿಝಾರ್ ಫೋನ್ ಎತ್ತುತ್ತಿಲ್ಲ, ಕೋರ್ಟ್ ಹಾಲಿನಲ್ಲಿರಬೇಕು. ಪಕ್ಕದಲ್ಲಿ ಶೇಖರ, ಅದೇ ಪುಟ ತೆರೆದು. "ನಿಂದು ಬಂತಾ?" "ಇಲ್ಲ. ನಿಂದು?" "ತಿರುಗ್ತಾ ಉಂಟು."

ರುಖಿಯಮ್ಮನ ಫೋನು.

"ವಕೀಲರೇ, ಒಲೆ ಹಚ್ಚಿದ್ದೇನೆ. ಅಕ್ಕಿ ಹಾಕ್ಲಾ?"

ಪರದೆಯಲ್ಲಿ ಇನ್ನೂ ಬಿಳಿ.

"ಹಾಕಿ" ಅಂದೆ.

ಪುಟ ಬರ್ತಾ ಉಂಟು. ಮೇಲಿನ ಸಾಲು ಬಂತು. ಕೇಸಿನ ನಂಬರು, ಸರಿ. ರುಖಿಯಮ್ಮನ ಹೆಸರು. ಅದರ ಕೆಳಗೆ ಆದೇಶ ಇರಬೇಕಾದ ಜಾಗ ಇನ್ನೂ ಖಾಲಿ. ಅಲ್ಲಿ ಅಕ್ಕಿ ಬೇಯಲು ಶುರುವಾಗಿರಬೇಕು.