ಅವನ ಮೈನಸ್

ಅಪ್ಪಾ,

"ಆ ಹುಡುಗನ್ನ ನೀನು ಎಷ್ಟು ಬಲ್ಲೆ?" ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ ಕೇಳು. ನಾವಿಬ್ಬರೂ ಸಂಶೋಧನೆ ಮಾಡುವ ಗೇಜ್ ಸಿದ್ಧಾಂತ ಅನ್ನೋ ಭೌತಶಾಸ್ತ್ರದಲ್ಲಿ ಲೆಕ್ಕವನ್ನು ಯಾವ ದಾರಿಯಲ್ಲಿ ಮಾಡಿದರೂ ಉತ್ತರ ಒಂದೇ ಬರಬೇಕು. ಅದಕ್ಕೇ ನಮ್ಮ ಗೈಡ್ ಒಂದೇ ಲೆಕ್ಕವನ್ನು ನಮ್ಮಿಬ್ಬರಿಗೂ ಕೊಟ್ಟು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದ್ದರು. ನನಗೆ ಪ್ಲಸ್ ಬಂತು, ಅವನಿಗೆ ಮೈನಸ್. ಗೈಡ್ ನನ್ನ ಕಡೆಗೇ ವಾಲಿದರು. ಆದರೂ ಅವನು ಒಪ್ಪಲಿಲ್ಲ, ನಾನು ಮುಖ ಊದಿಸಿಕೊಂಡು ಕೂತೆ. ಅವನು ಟೀ ತಂದುಕೊಟ್ಟು, "ನೀನು ಎಷ್ಟು ಕೋಪ ಮಾಡ್ಕೊಂಡ್ರೂ ಅದು ಮೈನಸ್ಸೇ" ಅಂದ. ಮೊದಲಿನಿಂದ ಮತ್ತೆ ಮಾಡಿ ನೋಡಿದೆ. ಮೈನಸ್ಸೇ!

ಭಾನುವಾರ ಕರೆದುಕೊಂಡು ಬರುತ್ತೇನೆ, ಚದುರಂಗದ ಹಲಗೆ ತೆಗೆದಿಡು. ಭಾವ ಪ್ರತಿ ಸಲವೂ ನಿನಗೆ ಬೇಕೆಂದೇ ಸೋಲುತ್ತಾರೆ, ಇವನು ಹಾಗಲ್ಲ. ಸ್ವಲ್ಪ ಅಭ್ಯಾಸ ಮಾಡಿಕೊಂಡಿರು.

ಈ ಸಲ ಖುಷಿಯಿಂದ ಸೋತ,
ನಿನ್ನ ಕಿರಿಮಗಳು