ಅಕ್ಕನ ಹತ್ತೊಂಬತ್ತು, ನನ್ನ ಹದಿನಾಲ್ಕು

ಮನೆಯಿಂದ,
ಮಾರ್ಚ್ ೧೪, ಗುರುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಗಂಟಲು ಸರಿಹೋಯಿತೇ? ಶನಿವಾರ ಮಂತ್ರಿಗಳ ಮುಂದೆ ಮಾತಾಡಬೇಕಾದವಳು, ಬಿಸಿನೀರು ಕುಡಿಯುತ್ತಿರು. ಅಮ್ಮ ಚೆನ್ನಾಗಿದ್ದಾಳೆ, ನನ್ನ ಮೇಲೆ ರೇಗುವಷ್ಟು ಚೆನ್ನಾಗಿ. ಬೆಳಿಗ್ಗೆ ಇನ್ಸುಲಿನ್ ಚುಚ್ಚಿದರೆ, "ನಿನ್ನ ಕೈ ಭಾರ ಕಣೇ, ಅವಳು ಕೊಟ್ರೆ ಗೊತ್ತೇ ಆಗಲ್ಲ" ಅನ್ನುತ್ತಾಳೆ. ಸೂಜಿ ಅದೇ, ಔಷಧಿ ಅದೇ. ಹೊಗಳಿಕೆ ಮಾತ್ರ ಊರಲ್ಲಿಲ್ಲದವಳಿಗೆ!

ನಿಜ ಹೇಳಲೇ? ನೀನು ಹೋದಾಗಿನಿಂದ ನನ್ನ ಹೊಟ್ಟೆ ಉರಿಯುತ್ತಿದೆ. ಇಬ್ಬರದೂ ಒಂದೇ ಕಚೇರಿ, ನಮಗೆ ಕೊಟ್ಟ ಪ್ರಶ್ನೆಯೂ ಒಂದೇ: ಇನ್ನು ಇಪ್ಪತ್ತೈದು ವರ್ಷಕ್ಕೆ ದೇಶದಲ್ಲಿ ಎಷ್ಟು ಮಂದಿಗೆ ಸಕ್ಕರೆ ಕಾಯಿಲೆ ಇರುತ್ತದೆ? ವಯಸ್ಕರಲ್ಲಿ ನೂರಕ್ಕೆ ಹದಿನಾಲ್ಕು ಎಂದು ನಾನು, ಹತ್ತೊಂಬತ್ತು ಎಂದು ನೀನು. ಜನ ಹೆಚ್ಚು ಕಾಲ ಬದುಕುತ್ತಾರೆ, ಅದಕ್ಕೇ ರೋಗಿಗಳೂ ಹೆಚ್ಚುತ್ತಾರೆ ಎಂಬುದಷ್ಟೇ ನನ್ನ ವಾದ. ಮೂವತ್ತು ದಾಟದವರಿಗೂ ಬರುತ್ತಿದೆ, ಅವರು ಜೀವಮಾನವೆಲ್ಲ ಅದನ್ನು ಹೊತ್ತು ತಿರುಗಬೇಕು ಎಂಬುದು ನಿನ್ನದು. ಮುಖ್ಯಸ್ಥರು ಎಲ್ಲರೆದುರೇ, "ತಂಗಿ ಲೆಕ್ಕ ಚೊಕ್ಕವಾಗಿದೆ. ಆದ್ರೆ ಅಕ್ಕನ ಲೆಕ್ಕಕ್ಕೆ ಕಣ್ಣಿದೆ" ಅಂದು ರಾಜಧಾನಿಗೆ ನಿನ್ನನ್ನೇ ಆರಿಸಿಬಿಟ್ಟರು. ನಾನು ಹಲ್ಲು ಕಿರಿದು ಚಪ್ಪಾಳೆ ತಟ್ಟಿದೆ. ಆಮೇಲೆ ಮೆಟ್ಟಿಲ ಕೆಳಗೆ ಹೋಗಿ ನಿಂತು ಅತ್ತೆ. ಜೆರಾಕ್ಸ್ ಯಂತ್ರದ ಮಾಮ ನೋಡಿಯೂ ನೋಡದ ಹಾಗೆ ಹೋದರು, ಪುಣ್ಯಾತ್ಮ.

ಸೋಮವಾರದಿಂದ ನಿನ್ನ ಲೆಕ್ಕದಲ್ಲಿ ಹುಳುಕು ಹುಡುಕುತ್ತಾ ಕೂತಿದ್ದೇನೆ. ನಿನ್ನ ಮಾತು ಸುಳ್ಳಾಗಲಿ ಎಂದೇ ಸಕ್ಕರೆ ಕಾಯಿಲೆಯ ಚಿಕಿತ್ಸಾಲಯಕ್ಕೂ ಹೋಗಿ ಬಂದೆ. ಬೆಂಚಿನ ತುಂಬ ಮುದುಕರೇ ಇರುತ್ತಾರೆ ಎಂದುಕೊಂಡಿದ್ದೆ. ಪಕ್ಕದಲ್ಲಿ ಕೂತವನು ದರ್ಜಿ, ನನಗಿಂತ ಚಿಕ್ಕವನು, ಕಾಲಿಗೆ ಬ್ಯಾಂಡೇಜು. "ಯಾರಿಗೆ ಔಷಧಿ ತಗೊಳ್ಳೋಕೆ ಬಂದಿದೀಯಪ್ಪಾ, ಅಜ್ಜಿಗಾ?" ಅಂದೆ. "ಅಜ್ಜಿ ಗಟ್ಟಿಯಾಗಿದಾಳಕ್ಕಾ, ನಂಗೇ" ಅಂದು ನಕ್ಕ. ಹೊಲಿಗೆ ಯಂತ್ರ ತುಳಿಯುವ ಕಾಲು ಅದು. ನನಗೆ ನಗಲಾಗಲಿಲ್ಲ. ಅವನನ್ನು ಕಂಡು ಮರುಗಬೇಕಾದ ಹೊತ್ತಲ್ಲೂ ನಿನ್ನ ಮಾತೇ ಸರಿಯಾಯಿತಲ್ಲ ಎಂದು ಮೈಯೆಲ್ಲ ಉರಿಯಿತು. ಎಂಥ ತಂಗಿಯನ್ನು ಪಡೆದೆಯೇ ಅಕ್ಕಾ!

ಅಮ್ಮನ ಆಶೀರ್ವಾದ ಪೂರ್ತಿ ನಿನಗೇ. ನನ್ನ ಪ್ರೀತಿ ಸದ್ಯಕ್ಕೆ ಅರ್ಧ, ಉಳಿದದ್ದು ನೀನು ಬಂದ ಮೇಲೆ.

ನಿನ್ನ,
ಚಿಕ್ಕಿ

ಮರೆತಿದ್ದೆ: ಕಚೇರಿಯ ಡ್ರೈವರ್ ನಿನಗೆ ತಲುಪಿಸಬೇಕಾದ ನಕ್ಷೆಗಳ ಕಟ್ಟು ಇಟ್ಟುಕೊಂಡು, ಈ ಪತ್ರಕ್ಕಾಗಿ ಗೇಟಿನಲ್ಲಿ ಹಾರನ್ ಹೊಡೆಯುತ್ತಿದ್ದಾನೆ. ಮರೆತಿದ್ದೆ ಅನ್ನುವುದೂ ಸುಳ್ಳು. ಹುಳುಕು ಸಿಕ್ಕಿದೆ ಅಕ್ಕಾ. ಚಿಕಿತ್ಸಾಲಯದಿಂದ ಕಣ್ಣಿನ ಆಸ್ಪತ್ರೆಗೆ ಕಳಿಸಿದವರನ್ನು ಎರಡೂ ಕಡೆ ಎಣಿಸಿಬಿಟ್ಟಿದ್ದೀಯ. ನಿನ್ನೆಯೇ ಸಿಕ್ಕಿತು. ಮಂತ್ರಿಗಳು ಅದನ್ನೇ ಕೇಳುವುದು, ನೀನು ತೊದಲುವುದು, ಎಲ್ಲ ಕಲ್ಪಿಸಿಕೊಂಡು ಒಂದಿಡೀ ದಿನ ಸುಖಪಟ್ಟೆ. ಸಾಕು. ಮುಖ್ಯಸ್ಥರಿಗೆ ಹೇಳಿಲ್ಲ. ಎರಡು ಸಲ ಎಣಿಸಿದವರನ್ನು ಒಂದು ಸಲ ಕಳೆದು ಲೆಕ್ಕ ಹಾಕಿದರೆ ಹದಿನೇಳು ಬರುತ್ತದೆ, ಶನಿವಾರ ಅಷ್ಟೇ ಹೇಳು. ಹದಿನಾಲ್ಕು ಬರಲಿ ಅಂತ ಮತ್ತೆ ಮತ್ತೆ ಹಾಕಿ ನೋಡಿದೆ. ಹಾಳಾದ್ದು, ಬರಲೇ ಇಲ್ಲ.